ಹದೋಕೆನ್ ಎಂಬ ತರಂಗಮುಷ್ಟಿ

ನಮ್ಮ ವಾಚಕರಲ್ಲಿ ಮಕ್ಕಳೊಂದಿಗರೇ ಹೆಚ್ಚಾಗಿರುವುದರಿಂದ, ಟೆಲಿವಿಷನ್ ಪೆಟ್ಟಿಗೆಯ ಮುಂದೆ ಇಬ್ಬರು ಹುಡುಗರು ಕುಳಿತು ಚಿತ್ರದ ಜಟ್ಟಿಗಳನ್ನು ಕಾದಾಡಿಸುವ ನೋಟವು ಅವರಿಗೆ ಹೊಸದಾಗಿರಲಾರದು. ಆ ಜಟ್ಟಿಗಳಲ್ಲೊಬ್ಬನು ಎರಡು ಅಂಗೈಗಳನ್ನೂ ಜೋಡಿಸಿ ಮುಂದಕ್ಕೆ ಚಾಚುವನು, "ಹದೋಕೆನ್!" ಎಂದು ಕೂಗುವನು; ಕೈಗಳ ನಡುವಿನಿಂದ ನೀಲಿಯ ಬೆಂಕಿಯ ಚೆಂಡೊಂದು ಹೊರಟು ತೆರೆಯ ಉದ್ದಕ್ಕೂ ಹರಿದುಹೋಗುವುದು. ದೊಡ್ಡವರು ಇದನ್ನು ಕಂಡು, ಗುಂಡಿಯನ್ನೊತ್ತಿದರೆ ಬೆಂಕಿ ಬರುತ್ತದೆ, ಇದರಲ್ಲೇನು ವಿಶೇಷವೆಂದು ಮುಖ ತಿರುಗಿಸುವುದೇ ವಾಡಿಕೆ. ನಾವೂ ಮೂವತ್ತು ವರ್ಷಗಳ ಕಾಲ ಹಾಗೆಯೇ ತಿರುಗಿಸಿದೆವು. ಗುಂಡಿಯನ್ನೊತ್ತಿದ ಮಾತ್ರಕ್ಕೆ ಆ ಬೆಂಕಿಯು ಬರುವುದಿಲ್ಲವೆಂಬುದೂ, ಬಂದಮೇಲೆ ಎದುರಾಳಿಗಿಂತ ಮೊದಲು ಎಸೆದವನನ್ನೇ ಅದು ಕಟ್ಟಿಹಾಕುವುದೆಂಬುದೂ ಈಚೆಗಷ್ಟೆ ನಮಗೆ ತಿಳಿದುಬಂದಿತು.

ತಿಳಿದುಬಂದ ಬಗೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ೧೯೯೫ರ ಸುಮಾರಿನಲ್ಲಿ ನಾವು ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದೆವು. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಶಬ್ದರೂಪಗಳ ಪುಸ್ತಕವನ್ನು ತಿದ್ದುತ್ತಿರುವಾಗ, ಹಿಂಬದಿಯ ಹಾಳೆಯಲ್ಲಿ ಬಾಣದ ಗುರುತುಗಳ ಸಾಲೊಂದು ಕಣ್ಣಿಗೆ ಬಿದ್ದಿತು. ಒಂದು ಬಾಣ ಕೆಳಮುಖ, ಒಂದು ಓರೆ, ಒಂದು ಬಲಮುಖ. ಕೊನೆಯಲ್ಲಿ ಮುಷ್ಟಿಯ ಚಿತ್ರ. ಅದರ ಕೆಳಗಿನ ಸಾಲಿನಲ್ಲಿ ಅವೇ ಬಾಣಗಳು ಬೇರೊಂದು ಕ್ರಮದಲ್ಲಿದ್ದುವು. ಬಲಮುಖದ್ದು ಮೊದಲು ಬಂದಿದ್ದಿತು. ಇದೇನೆಂದು ಕೇಳಿದುದಕ್ಕೆ ಹುಡುಗನು ತಲೆ ತಗ್ಗಿಸಿ ನಿಂತನು. ಪಕ್ಕದವನು, ಬಸ್ ನಿಲ್ದಾಣದ ಬಳಿಯ ವಿಡಿಯೋ ಗೇಮ್ ಅಂಗಡಿಯ ಆಟವೆಂದು ಹೇಳಿಕೊಟ್ಟನು. ನಾವು ಆ ಹಾಳೆಯನ್ನು ತರಗತಿಯೆಲ್ಲ ನೋಡುವಂತೆ ಹರಿದು, ರಾಮಶಬ್ದವನ್ನು ಇಪ್ಪತ್ತು ಸಲ ಬರೆದು ತರಬೇಕೆಂದು ವಿಧಿಸಿದೆವು. ಮರುದಿನ ಬರೆದು ತಂದನು. ತಪ್ಪು ಒಂದೂ ಇರಲಿಲ್ಲ. ಆ ಗುರುತುಗಳ ಅರ್ಥವೇನೆಂದು ತಿಳಿಯುವ ಕುತೂಹಲ ಮಾತ್ರ ನಮಗೆ ಆಗ ಹುಟ್ಟಲಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ತಮ್ಮನ ಮಗನು, ಕಾಲೇಜಿನಲ್ಲಿ ಓದುವವನು, ತನ್ನ ಆಟದ ಯಂತ್ರವನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದನು. ಹತ್ತು ವರ್ಷದ ನಮ್ಮ ಮೊಮ್ಮಗನಿಗೆ ಅಂದಿನಿಂದ ಊಟ ನಿದ್ರೆಗಳ ನೆನಪಿಲ್ಲ. ಮೂರನೆಯ ದಿನ ನೋಡಿದರೆ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಏನನ್ನೋ ಬರೆದು ಗೋಡೆಗೆ ಅಂಟಿಸಿದ್ದಾನೆ. ಕೆಳಮುಖ, ಓರೆ, ಬಲಮುಖ, ಮುಷ್ಟಿ! "ಇದೇನಪ್ಪಾ?" ಎಂದು, ಮೂವತ್ತು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಯನ್ನೇ ಕೇಳಿದೆವು. ಈ ಸಲ ಉತ್ತರಕ್ಕಾಗಿ ಕಾದೆವು.

ಆಟದ ಹೆಸರು ಸ್ಟ್ರೀಟ್ ಫೈಟರ್. ಜಪಾನ್ ದೇಶದ ಒಸಾಕಾ ನಗರದ ಕ್ಯಾಪ್‌ಕಾಮ್ ಎಂಬ ಕಂಪನಿಯವರು ಇದನ್ನು ೧೯೮೭ರಲ್ಲಿ ಹೊರಡಿಸಿದರು. ಇದರ ನಿರ್ದೇಶಕರು ತಕಾಶಿ ನಿಶಿಯಾಮಾ ಎಂಬವರು. ನಾಯಕನು ರ್ಯೂ ಎಂಬ ಜಪಾನೀ ಜಟ್ಟಿ. ಕೊನೆಯಲ್ಲಿ ಗೆಲ್ಲಬೇಕಾದ ಎದುರಾಳಿಯು ಥಾಯ್ಲೆಂಡಿನ ಸಗಾತ್. 'ಹ' ಎಂದರೆ ಅಲೆ, 'ದೋ' ಎಂದರೆ ಚಲನೆ, 'ಕೆನ್' ಎಂದರೆ ಮುಷ್ಟಿ. ತರಂಗಚಲನಮುಷ್ಟಿಯೆಂದು ಸಮಾಸಮಾಡಿದರೆ ಅರ್ಥವು ಪೂರ್ತಿಯಾಗುವುದಾದರೂ ಬಾಯಿಗೆ ಭಾರವಾದುದರಿಂದ, ನಾವು ತರಂಗಮುಷ್ಟಿಯೆಂದೇ ಕರೆಯುವೆವು. ಜಪಾನಿನ ಟೆಲಿವಿಷನ್ನಿನಲ್ಲಿ ೧೯೭೪ರಲ್ಲಿ ಬಂದ ಯಮಾತೋ ಎಂಬ ಆಕಾಶನೌಕೆಯ ಚಿತ್ರಕಥೆಯಲ್ಲಿ 'ಹದೋ' ಫಿರಂಗಿಯೊಂದುಂಟು. ತಮಗೆ ಈ ಕಲ್ಪನೆಯು ಅಲ್ಲಿಂದಲೇ ಹೊಳೆಯಿತೆಂದು ನಿಶಿಯಾಮಾ ಅವರೇ ಹೇಳಿರುವರು. ಹಡಗಿನ ಫಿರಂಗಿಯಲ್ಲಿದ್ದ ಶಕ್ತಿಯನ್ನು ಮನುಷ್ಯನ ಅಂಗೈಗೆ ತಂದಿಟ್ಟುದು ಅವರ ಕೆಲಸ. ಕಥೆಯ ಪ್ರಕಾರ ಇದು ದೇಹದೊಳಗಿನ 'ಕಿ' ಎಂಬ ಪ್ರಾಣಶಕ್ತಿಯನ್ನು ಒಂದೆಡೆ ಕೂಡಿಸಿ ಹೊರಕ್ಕೆ ನೂಕುವ ವಿದ್ಯೆ.

ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ದೂರಕ್ಕೆ ಪ್ರಯೋಗಿಸುವುದು ಅಸ್ತ್ರ, ಎಂದು ನಮ್ಮವರು ಮಾಡಿರುವ ಭೇದವನ್ನು ಇಲ್ಲಿ ನೆನೆಯಬಹುದು. ಗುದ್ದು ಒದೆತಗಳು ಈ ಆಟದ ಶಸ್ತ್ರಗಳು, ತರಂಗಮುಷ್ಟಿಯು ಅಸ್ತ್ರ. ಅಸ್ತ್ರಕ್ಕೆ ಮಂತ್ರವುಂಟಷ್ಟೆ, ಇಲ್ಲಿಯ ಮಂತ್ರವು ನಾಲಗೆಯದಲ್ಲ, ಮಣಿಕಟ್ಟಿನದು. ಮೊದಲ ಆಟ ಬಂದಾಗ ಈ ಮಂತ್ರವನ್ನು ಯಂತ್ರದ ಮೇಲೆ ಎಲ್ಲಿಯೂ ಬರೆದಿರಲಿಲ್ಲ; ಆಡುವವರೇ ಹುಡುಕಿ ತಿಳಿದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾಗಿದ್ದಿತು. ಸಾಧಿಸುವುದು ಬಹು ಕಷ್ಟ. ಸಾಧಿಸಿದವನಿಗೆ ಮಾತ್ರ ನಾಲ್ಕಾರು ಏಟುಗಳಲ್ಲಿಯೇ ಜಯ. ಆ ಯಂತ್ರದ ಒಂದು ಬಗೆಯಲ್ಲಿ ಗುಂಡಿಗಳಿಗೆ ಬದಲಾಗಿ ರಬ್ಬರಿನ ಎರಡು ದೊಡ್ಡ ಮೆತ್ತೆಗಳಿದ್ದುವು. ಎಷ್ಟು ಬಲವಾಗಿ ಅವನ್ನು ಗುದ್ದಿದರೆ ತೆರೆಯ ಮೇಲಿನ ಏಟೂ ಅಷ್ಟು ಬಲವಾದುದು. ಅಂಗೈ ನೋಯಿಸಿಕೊಂಡು ಆಡುವ ಆಟವು ಬಹುಕಾಲ ನಿಲ್ಲಲಾರದು. ಆರು ಗುಂಡಿಗಳ ಏರ್ಪಾಟು ಬಂದು ಅದೇ ಉಳಿಯಿತು. ಗುದ್ದಿಗೆ ಮೂರು, ಒದೆತಕ್ಕೆ ಮೂರು: ಮೆಲ್ಲನೆಯದು, ನಡುವಣದು, ಬಲವಾದುದು.

ಲೋಕಪ್ರಸಿದ್ಧವಾದುದು ೧೯೯೧ರಲ್ಲಿ ಬಂದ ಎರಡನೆಯ ಆಟ. ಅಕಿರಾ ನಿಶಿತಾನಿ, ಅಕಿರಾ ಯಸುದಾ ಎಂಬಿಬ್ಬರು ಇದರ ರಚನೆಯಲ್ಲಿ ಪ್ರಮುಖರು. ಎಂಟು ಮಂದಿ ಜಟ್ಟಿಗಳಲ್ಲಿ ಇಷ್ಟಬಂದವನನ್ನು ಆರಿಸಿಕೊಂಡು ಇಬ್ಬರು ಎದುರುಬದುರಾಗಿ ಆಡತಕ್ಕ ಈ ಆಟದಲ್ಲಿ ತರಂಗಮುಷ್ಟಿಯ ಮಂತ್ರವು ಸುಲಭವಾಯಿತು, ಏಟಿನ ಬಲವು ಕಡಿಮೆಯಾಯಿತು. ಹೀಗೆ ಬಲ ತಗ್ಗಿದಮೇಲೆಯೇ ಅದು ನಿಜವಾದ ಅಸ್ತ್ರವಾಯಿತೆಂಬುದು ವಿಚಿತ್ರವಾದರೂ ದಿಟ. ನಮ್ಮ ಮನೆಯ ಹುಡುಗರು ಆಡುವುದೂ ಇದನ್ನೇ. ಹಳೆಯ ಹನ್ನೆರಡು ಆಟಗಳನ್ನು ಒಟ್ಟುಗೂಡಿಸಿ ಕಂಪನಿಯವರು ೨೦೧೮ರಲ್ಲಿ ಹೊರಡಿಸಿದ ಸಂಪುಟದಲ್ಲಿ ಇದು ಸೇರಿದೆ.

ಈಗ ಮಣಿಕಟ್ಟಿನ ಮಂತ್ರವನ್ನು ನೋಡೋಣ. ರ್ಯೂ ತೆರೆಯ ಎಡಗಡೆ ನಿಂತು ಬಲಕ್ಕೆ ಮುಖಮಾಡಿರುವನೆಂದು ಇಟ್ಟುಕೊಳ್ಳಿರಿ. ಹಿಡಿಗೋಲನ್ನು ಮೊದಲು ಕೆಳಕ್ಕೆ ಒತ್ತಬೇಕು. ಅಲ್ಲಿಂದ ಬಿಡದೆ, ಕೆಳಗೂ ಮುಂದೂ ಕೂಡುವ ಮೂಲೆಗೆ ಜಾರಿಸಬೇಕು. ಅಲ್ಲಿಂದ ನೇರ ಮುಂದಕ್ಕೆ. ಅದು ಮುಂದಕ್ಕೆ ತಲಪುವ ಹೊತ್ತಿಗೆ ಇನ್ನೊಂದು ಕೈಯಿಂದ ಗುದ್ದಿನ ಗುಂಡಿ. ಗಡಿಯಾರದ ಮುಖದ ಕಾಲುಭಾಗವನ್ನು ಹೆಬ್ಬೆರಳಿನಿಂದ ಸವರಿದಂತೆ. ಯಂತ್ರವು ಕ್ಷಣಕ್ಷಣಕ್ಕೂ ಹಿಡಿಗೋಲು ಎತ್ತ ಇದೆಯೆಂಬುದನ್ನು ನೋಡುತ್ತ, ಈಚಿನ ಕೆಲವು ಕ್ಷಣಗಳ ದಿಕ್ಕುಗಳನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಗುಂಡಿ ಬಿದ್ದ ಕೂಡಲೆ ಆ ನೆನಪನ್ನು ತಿರುವಿ ನೋಡುವುದು. ಕೆಳಗು, ಮೂಲೆ, ಮುಂದು ಎಂಬ ಮೂರೂ ಕ್ರಮವಾಗಿ, ಹೆಚ್ಚು ಅಂತರವಿಲ್ಲದೆ ಬಂದಿದ್ದರೆ ಬೆಂಕಿ. ಇಲ್ಲವಾದರೆ ಬರಿಯ ಗುದ್ದು. ಮೂಲೆಯನ್ನು ಹಾರಿಸಿದರೂ ಗುದ್ದು. ಗುಂಡಿಯನ್ನು ಅವಸರದಿಂದ ಮೊದಲೇ ಒತ್ತಿದರೆ ಕುಕ್ಕುರುಗಾಲಿನಲ್ಲಿ ಕುಳಿತು ಗುದ್ದುವ ಗುದ್ದು. ಕೈ ಸ್ವಲ್ಪ ಮೇಲಕ್ಕೆ ಜಾರಿದರೆ ಜಟ್ಟಿಯು ಬೆಂಕಿಯನ್ನೆಸೆಯುವುದಕ್ಕೆ ಬದಲಾಗಿ ಎದುರಾಳಿಯ ಮುಷ್ಟಿಯ ಮೇಲೆಯೇ ಹಾರಿ ಬೀಳುವನು. ಸ್ವರ ತಪ್ಪಿದ ಮಂತ್ರವು ಯಜಮಾನನನ್ನೇ ಹೊಡೆಯುವುದೆಂದು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಕಣ್ಣಾರೆ ಕಂಡುದು ಇದೇ ಮೊದಲು.

ಇನ್ನೊಂದು ತೊಡಕು. ಎದುರಾಳಿಯು ತಲೆಯ ಮೇಲಿಂದ ಹಾರಿ ಆಚೆಗೆ ಇಳಿದನೆಂದರೆ ಮುಂದು ಹಿಂದಾಗುವುದು, ಹಿಂದು ಮುಂದಾಗುವುದು. ಬಲಕ್ಕೆ ಸವರುತ್ತಿದ್ದುದನ್ನು ಆ ನಿಮಿಷದಲ್ಲಿಯೇ ಎಡಕ್ಕೆ ಸವರಬೇಕು.

ಆದರೆ ಈ ಮುದ್ರೆಯಲ್ಲಿ ಅಡಗಿರುವ ಮುಖ್ಯವಾದ ಮಾತು ಬೇರೆ. ಈ ಆಟದಲ್ಲಿ ಏಟನ್ನು ತಡೆಯುವುದಕ್ಕೆ ಪ್ರತ್ಯೇಕವಾದ ಗುಂಡಿಯಿಲ್ಲ. ಎದುರಾಳಿಗೆ ವಿಮುಖವಾಗಿ ಹಿಡಿಗೋಲನ್ನು ಹಿಂದಕ್ಕೆ ಹಿಡಿದಿರುವುದೇ ತಡೆ. ಹಾಗಾದರೆ, ಕೆಳಕ್ಕೂ ಮುಂದಕ್ಕೂ ಕೈ ಹೊರಳಿಸುವವನು ಅಷ್ಟು ಹೊತ್ತು ಹಿಂದಕ್ಕೆ ಹಿಡಿಯಲಾರನಷ್ಟೆ. ಅಂದಮೇಲೆ ಅಸ್ತ್ರಕ್ಕೆ ಕೈಯಿಕ್ಕಿದವನು ಗುರಾಣಿಯನ್ನು ಕೆಳಗಿಟ್ಟಂತಾಯಿತು. ಕುದುರೆಯ ಮುಂದೆ ಹುಲ್ಲಿಟ್ಟ ಹಾಗೆ ಇದೊಂದು ಸುಮ್ಮನೆ ಬಂದ ಬೆರಳಿನ ವ್ಯಾಯಾಮವೆಂದು ತಿಳಿದಿದ್ದ ನಮಗೆ, ಬೆಲೆ ಕೊಟ್ಟೇ ಕೊಳ್ಳಬೇಕಾದ ಪದಾರ್ಥವಿದೆಂದು ಇಲ್ಲಿ ಮೊದಲು ಹೊಳೆಯಿತು.

ಇದೇ ಆಟದಲ್ಲಿ ಗೈಲ್ ಎಂಬ ಅಮೆರಿಕದ ಸೈನಿಕನುಂಟು. ಅವನ ಅಸ್ತ್ರದ ಹೆಸರು ಸಾನಿಕ್ ಬೂಮ್. ಅದಕ್ಕೆ ಸುಮಾರು ಒಂದು ಸೆಕೆಂಡು ಹಿಡಿಗೋಲನ್ನು ಹಿಂದಕ್ಕೆ ಹಿಡಿದಿದ್ದು, ಥಟ್ಟನೆ ಮುಂದಕ್ಕೆ ನೂಕಿ ಗುದ್ದಬೇಕು. ಹಿಂದಕ್ಕೆ ಹಿಡಿದಿರುವುದೆಂದರೆ ತಡೆಯಲ್ಲವೇ? ಆದುದರಿಂದ ಅವನು ಕೋಟೆಯೊಳಗೆ ಕುಳಿತೇ ಬಾಣ ಮಸೆಯುವನು. ಎಸೆದಮೇಲೆ ಚೇತರಿಸಿಕೊಳ್ಳುವುದರಲ್ಲಿಯೂ ರ್ಯೂಗಿಂತ ಚುರುಕು. ಆದರೆ ಮುಂದಕ್ಕೆ ನಡೆದು ಬರುತ್ತ ಎಸೆಯುವುದು ಅವನಿಂದಾಗದು. ರ್ಯೂ ನಿಂತಲ್ಲಿಯೂ ಎಸೆಯಬಲ್ಲನು, ನಡೆಯುತ್ತಲೂ ಎಸೆಯಬಲ್ಲನು. ಯಾರಿಗೆ ಯಾವುದು ಲಾಭವೆಂಬ ಚರ್ಚೆ ನಮ್ಮ ಮನೆಯಲ್ಲಿ ಒಂದು ಭಾನುವಾರದ ಮಧ್ಯಾಹ್ನವೆಲ್ಲ ನಡೆಯಿತು. ನಮ್ಮ ಮನೆಯವರು ಕಾಫಿ ಆರಿಹೋಯಿತೆಂದು ಎರಡು ಸಲ ಹೇಳಬೇಕಾಯಿತು.

ಮುದ್ರೆ ಮುಗಿದಮೇಲಿನ ಲೆಕ್ಕವೆಲ್ಲ ಕಾಲದ ಲೆಕ್ಕ. ತೆರೆಯ ಮೇಲಿನ ಚಿತ್ರವು ಒಂದು ಸೆಕೆಂಡಿಗೆ ಸುಮಾರು ೬೦ ಸಲ ಬದಲಾಗುವುದು. ಒಂದೊಂದು ಚಿತ್ರವನ್ನೂ ಒಂದು ಮಾತ್ರೆಯೆಂದು ನಾವು ಎಣಿಸಿಕೊಂಡೆವು. ಛಂದಸ್ಸು ಕಲಿಸಿದವರಿಗೆ ಬೇರೆ ಅಳತೆ ತೋಚದು. ಅಂಗೈಗಳು ಹಿಂದಕ್ಕೆ ಹೋಗಿ ಮುಂದಕ್ಕೆ ಬರುವುದಕ್ಕೆ ಕೆಲವು ಮಾತ್ರೆ. ಬೆಂಕಿ ಹೊರಟಮೇಲೆ ಚಾಚಿದ ಕೈಗಳು ಹಿಂದಿರುಗಿ ಜಟ್ಟಿಯು ಮತ್ತೆ ತನ್ನ ನಿಲುವಿಗೆ ಬರುವುದಕ್ಕೆ ಇನ್ನೂ ಹೆಚ್ಚು ಮಾತ್ರೆ. ಎರಡೂ ಸೇರಿ ಹತ್ತಿರ ಹತ್ತಿರ ಮುಕ್ಕಾಲು ಸೆಕೆಂಡು. ಈ ಮುಕ್ಕಾಲು ಸೆಕೆಂಡಿನಲ್ಲಿ ಆಡುವವನು ಏನು ಮಾಡಿದರೂ ನಡೆಯದು. ತಡೆಯಲಾರನು, ಸರಿಯಲಾರನು, ಬೆಂಕಿಯನ್ನು ಹಿಂದಕ್ಕೆ ಕರೆಯಲಂತೂ ಆರನು. ಅಶ್ವತ್ಥಾಮನು ಬ್ರಹ್ಮಾಸ್ತ್ರವನ್ನು ಬಿಟ್ಟು ಉಪಸಂಹಾರ ತಿಳಿಯದೆ ನಿಂತನಲ್ಲ, ಆ ಸ್ಥಿತಿ. ಇಲ್ಲಿ ಅರ್ಜುನನೂ ಇಲ್ಲ. ಉಪಸಂಹಾರವು ಯಾರಿಗೂ ತಿಳಿಯದು. ಎರಡು ಕಡೆಯ ಬೆಂಕಿಗಳು ನಡುದಾರಿಯಲ್ಲಿ ಸಂಧಿಸಿದರೆ ಮಾತ್ರ ಎರಡೂ ಒಂದನ್ನೊಂದು ನುಂಗಿ ಆರುವುವು.

ಮೂರು ಗುದ್ದಿನ ಗುಂಡಿಗಳಲ್ಲಿ ಯಾವುದನ್ನು ಒತ್ತಿದರೆಂಬುದರ ಮೇಲೆ ಚೆಂಡಿನ ವೇಗ ನಿಲ್ಲುವುದು. ಬಲವಾದ ಗುದ್ದಿಗೆ ವೇಗವಾಗಿ ಹೋಗುವುದು, ಮೆಲ್ಲನೆಯದಕ್ಕೆ ನಿಧಾನವಾಗಿ. ವೇಗವಾದುದೇ ಉತ್ತಮವೆಂದು ನಾವು ತಿಳಿದಿದ್ದೆವು, ಮೊಮ್ಮಗನು ನಕ್ಕನು. ನಿಧಾನವಾದ ಚೆಂಡನ್ನು ಬಿಟ್ಟು ಅದರ ಹಿಂದೆಯೇ ತಾನೂ ನಡೆದುಬರಬಹುದಂತೆ. ತೇರಿನ ಹಿಂದೆ ನಡೆಯುವ ಪೂಜಾರಿಯಂತೆ ರ್ಯೂ ತನ್ನ ಬೆಂಕಿಯ ಮರೆಯಲ್ಲಿ ಬರುವುದನ್ನು ಆಮೇಲೆ ನಾವೇ ಕಂಡೆವು. ಆಗ ಎದುರಾಳಿಯು ಬೆಂಕಿಯನ್ನು ತಡೆಯುತ್ತಿರುವಾಗಲೇ ರ್ಯೂ ಪಕ್ಕದಲ್ಲಿ ಬಂದು ನಿಂತಿರುವನು.

ವೇಗದೊಡನೆ ಹೊಂದಿಕೊಂಡ ಇನ್ನೊಂದು ನಿಯಮವುಂಟು: ತಾನು ಬಿಟ್ಟ ಚೆಂಡು ತೆರೆಯ ಮೇಲಿರುವವರೆಗೆ ಮತ್ತೊಂದನ್ನು ಬಿಡುವಂತಿಲ್ಲ. ಒಂದು ಕೊನೆಯಿಂದ ನಿಧಾನವಾಗಿ ಬಿಟ್ಟರೆ ಅದು ತೆರೆಯನ್ನು ದಾಟುವವರೆಗೂ ಎರಡನೆಯದಿಲ್ಲ. ಹತ್ತಿರದಿಂದ ಬಿಟ್ಟರೆ ಅದು ಬೇಗನೆ ತಗುಲಿ ಆರುವುದರಿಂದ ಬೇಗನೆ ಮತ್ತೊಂದು. ಆದುದರಿಂದ ಎಷ್ಟು ದೂರದಲ್ಲಿ ನಿಂತಿದ್ದೇನೆಂಬುದನ್ನು ನೋಡಿಯೇ ಯಾವ ಗುಂಡಿಯೆಂಬುದನ್ನು ನಿಶ್ಚಯಿಸಬೇಕು.

ಎದುರಿಗಿರುವವನ ಪಾಡೇನು? ಬೆಂಕಿ ಬರುತ್ತಿದೆ. ತಡೆಯಬಹುದು, ತಡೆದರೂ ಅವನ ಆಯುಸ್ಸಿನ ಪಟ್ಟಿಯಿಂದ ಒಂದು ಚೂರು ಉದುರುವುದು, ಅವನು ಒಂದು ಹೆಜ್ಜೆ ಹಿಂದಕ್ಕೆ ಜಾರುವನು. ಹೀಗೆ ತಡೆಯುತ್ತ ತಡೆಯುತ್ತ ಗೋಡೆಗೆ ಬೆನ್ನು ಹತ್ತುವುದು. ತನಗೂ ಅಸ್ತ್ರವಿದ್ದರೆ ಎದುರು ಎಸೆದು ಆರಿಸಬಹುದು. ರಷ್ಯದ ಜಟ್ಟಿ ಜಾಂಗೀಫ್‌ನಿಗೆ ಅಸ್ತ್ರವಿಲ್ಲ. ಅವನು ತೋಳುಗಳನ್ನು ಚಾಚಿ ಬುಗುರಿಯಂತೆ ತಿರುಗುತ್ತ ಬೆಂಕಿಯ ನಡುವೆಯೇ ಹಾಯುವನು. ಚೀನದ ಚುನ್-ಲೀ ಎಂಬಾಕೆಗೂ ಮೊದಲು ಅಸ್ತ್ರವಿರಲಿಲ್ಲ. ೧೯೯೨ರಲ್ಲಿ ಆಟವನ್ನು ತಿದ್ದಿ ಮತ್ತೆ ಹೊರಡಿಸಿದಾಗ ಕಿಕೋಕೆನ್ ಎಂಬುದನ್ನು ಆಕೆಗೆ ಕೊಟ್ಟರು. ಎಂಟು ಮಂದಿಯಲ್ಲಿ ನಮ್ಮ ದೇಶದವನೂ ಒಬ್ಬನಿದ್ದಾನೆ: ಧಾಲ್ಸಿಮ್. ಕೊರಳಿಗೆ ತಲೆಬುರುಡೆಗಳ ಮಾಲೆ, ಬೇಕಾದಷ್ಟು ಉದ್ದಕ್ಕೆ ಚಾಚುವ ಕೈಕಾಲುಗಳು, ಬಾಯಿಂದ ಉಗುಳುವ 'ಯೋಗ ಫೈರ್' ಎಂಬ ಬೆಂಕಿ! ಪತಂಜಲಿಯ ವಿಭೂತಿಪಾದದಲ್ಲಿ ಅನೇಕ ಸಿದ್ಧಿಗಳನ್ನು ಹೇಳಿದೆಯಾದರೂ ಇದನ್ನು ಹೇಳಿಲ್ಲವೆಂದು ನಾವು ಆಕ್ಷೇಪಿಸಿದೆವು. ಆದರೂ ಅದರ ಮುದ್ರೆಯು ತರಂಗಮುಷ್ಟಿಯ ಮುದ್ರೆಯೇ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಇವೆಲ್ಲಕ್ಕಿಂತ ಸಹಜವಾದ ಉಪಾಯವೆಂದರೆ ಹಾರುವುದು. ಬೆಂಕಿಯು ಎದೆಯ ಮಟ್ಟದಲ್ಲಿ ಹೋಗುವುದು. ಮೇಲಿಂದ ಹಾರಿದವನು ನೇರವಾಗಿ ರ್ಯೂನ ತಲೆಯ ಮೇಲೆ ಇಳಿಯುವನು. ರ್ಯೂ ಆಗ ಕೈ ಚಾಚಿಕೊಂಡು ನಿಂತಿರುವುದರಿಂದ ಏಟು ತಪ್ಪದು. ಹೀಗೆ ನೋಡಿದರೆ ತರಂಗಮುಷ್ಟಿಯು ಆತ್ಮಘಾತದ ಸಾಧನವೇ ಆಗಬೇಕಾಗಿದ್ದಿತು. ಆಗದಿರುವುದಕ್ಕೆ ಕಾರಣವು ಎರಡು. ಕಣ್ಣಿಗೆ ಕಂಡುದಕ್ಕೆ ಕೈ ಉತ್ತರ ಕೊಡಬೇಕಾದರೆ ಮನುಷ್ಯನಿಗೆ ಕಾಲು ಸೆಕೆಂಡಿನಷ್ಟು ಹೊತ್ತು ಬೇಕು. ಅದೂ ಹದಿನೈದು ಮಾತ್ರೆಯಾಯಿತು. ನಡುವಣ ದೂರದಿಂದ ಬೆಂಕಿಯನ್ನು ನೋಡಿ ಆಮೇಲೆ ಹಾರುವೆನೆಂದರೆ, ಇಳಿಯುವ ಹೊತ್ತಿಗೆ ರ್ಯೂ ಚೇತರಿಸಿಕೊಂಡಿರುವನು. ಎಸೆಯುವನೆಂದು ಊಹಿಸಿ ಮೊದಲೇ ಹಾರಬೇಕು. ಎರಡನೆಯದಾಗಿ, ಹಾರಿದವನಿಗೆ ಆಕಾಶದಲ್ಲಿ ದಾರಿ ಬದಲಾಯಿಸಲು ಬಾರದು, ತಡೆಯಲೂ ಬಾರದು. ಊಹೆ ತಪ್ಪಿ, ಎಸೆಯದೆ ಸುಮ್ಮನೆ ನಿಂತಿದ್ದ ರ್ಯೂನ ಮೇಲೆ ಹಾರಿದರೆ, ಅವನಿಗೆ ಶೋರ್ಯೂಕೆನ್ ಎಂಬ ಮತ್ತೊಂದು ವಿದ್ಯೆಯುಂಟು. ಮೇಲೇರುವ ನಾಗನ ಮುಷ್ಟಿಯೆಂದರ್ಥ. ನೆಗೆಯುತ್ತ ಗದ್ದಕ್ಕೆ ಗುದ್ದಿ ಹಾರಿ ಬಂದವನನ್ನು ನೆಲಕ್ಕೆ ಕೆಡಹುವನು.

ಈ ನಾಗಮುಷ್ಟಿಗೆ ಮುದ್ರೆಯೇನೆಂದರೆ: ಮೊದಲು ಮುಂದು, ಆಮೇಲೆ ಕೆಳಗು, ಕೊನೆಗೆ ಮೂಲೆ. ಮೊಮ್ಮಗನು ಇದನ್ನು ಹೇಳುತ್ತ ಕ್ಯಾಲೆಂಡರಿನ ಮೇಲೆ ಎರಡನೆಯ ಸಾಲನ್ನು ಬರೆದನು. ಬಲಮುಖದ ಬಾಣ ಮೊದಲು. ನಾವು ಹರಿದ ಹಾಳೆಯ ಎರಡನೆಯ ಸಾಲು ಇದೇ ಆಗಿದ್ದಿತು. ಆ ಹುಡುಗನು ಬಸ್ ನಿಲ್ದಾಣದ ಅಂಗಡಿಯಲ್ಲಿ ಚಿಲ್ಲರೆ ಕಾಸು ಕೊಟ್ಟು ಕಲಿತುದನ್ನು, ಮರೆಯಬಾರದೆಂದು, ರಾಮಶಬ್ದದ ಬೆನ್ನಿಗೆ ಬರೆದಿಟ್ಟುಕೊಂಡಿದ್ದನು. ಒಂದನ್ನು ಬರೆದಿದ್ದರೆ ಪೋಕರಿತನವೆನ್ನಬಹುದಾಗಿದ್ದಿತು. ಎರಡನ್ನೂ ಒಂದರ ಕೆಳಗೊಂದಾಗಿ ಬರೆದಿದ್ದನು. ಅಂದರೆ ಅವನಿಗೆ ಆಟ ತಿಳಿದಿದ್ದಿತು. ಯಾಕೆಂದರೆ ತರಂಗಮುಷ್ಟಿಗೆ ಬೆಲೆ ಬರುವುದೇ ನಾಗಮುಷ್ಟಿಯಿಂದ. ಹಾರಿದರೆ ಕೆಡಹುವನೆಂಬ ಭಯವಿರುವುದರಿಂದ ಎದುರಾಳಿಯು ಹಾರನು; ಹಾರದುದರಿಂದ ಬೆಂಕಿಯನ್ನು ತಡೆಯಬೇಕು; ತಡೆದು ತಡೆದು ಬೇಸತ್ತು ಕೊನೆಗೆ ಹಾರಿಯೇ ಹಾರುವನು; ಆಗ ಬೀಳುವನು. ಬೆಂಕಿಯು ತಗುಲಬೇಕೆಂದಿಲ್ಲ. ಎದುರಾಳಿಗೆ ಒಂದು ಪ್ರಶ್ನೆ ಹಾಕಿದರೆ ಅದರ ಕೆಲಸವಾಯಿತು.

ಪ್ರಶ್ನೆ ಹಾಕುವವನಿಗೂ ಒಂದು ಅಪಾಯವುಂಟೆಂದು ನಾವು ಕಂಡುದು ಆ ರಜೆಯ ಎರಡನೆಯ ವಾರದಲ್ಲಿ. ಮೊಮ್ಮಗನು ದಿನವೂ ಸೋಲುತ್ತಿದ್ದನು. ಒಂದು ರಾತ್ರಿ ಹನ್ನೊಂದು ಸಲ ಸೋತು, "ಚಿಕ್ಕಪ್ಪ ಮೋಸ ಮಾಡುತ್ತಾನೆ, ತಾತ, ನಾನು ಎಸೆಯುವುದಕ್ಕೆ ಮೊದಲೇ ಹಾರುತ್ತಾನೆ" ಎಂದು ಅತ್ತನು. ಮೋಸ ಹೇಗೆ ಸಾಧ್ಯ? ಮರುದಿನ ನಾವು ಒಂದು ಕಾಗದವನ್ನೂ ಪೆನ್ಸಿಲನ್ನೂ ಹಿಡಿದು ಹಿಂದೆ ಕುಳಿತೆವು. ನಿಧಾನದ ಚೆಂಡಿಗೆ ಗುರುವಿನ ಗುರುತು, ವೇಗದ ಚೆಂಡಿಗೆ ಲಘುವಿನ ಗುರುತು ಹಾಕುತ್ತ ಹೋದೆವು. ಅರ್ಧ ಗಂಟೆಯಲ್ಲಿ ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿದ್ದು ತಗಣ: ಗುರು, ಗುರು, ಲಘು, ಗುರು, ಗುರು, ಲಘು. ಹುಡುಗನು ಎರಡು ಸಲ ನಿಧಾನವಾಗಿ ಎಸೆದು, ಮೂರನೆಯದನ್ನು ವೇಗವಾಗಿ ಎಸೆದು ಮೋಸಗೊಳಿಸುವೆನೆಂದು ತಿಳಿದಿದ್ದನು. ಅದನ್ನೇ ತಪ್ಪದೆ ಮಾಡುತ್ತಿದ್ದನು. ಚಿಕ್ಕಪ್ಪನ ಕಿವಿಗೆ ಈ ಛಂದಸ್ಸು ಬಿದ್ದುಬಿಟ್ಟಿದ್ದಿತು. ಎರಡು ಗುರುಗಳನ್ನು ತಡೆದು ಮೂರನೆಯ ಗಳಿಗೆಗೆ ಸರಿಯಾಗಿ ನೆಗೆಯುವನು.

ಈ ಆಟದ ಚರಿತ್ರೆಯಲ್ಲಿ ತರಂಗಮುಷ್ಟಿಗೆ ಬಂದ ಕಷ್ಟಗಳೂ ಬಹುಮಟ್ಟಿಗೆ ಕಾಲಕ್ಕೇ ಸಂಬಂಧಿಸಿದುವು. ೧೯೯೭ರಲ್ಲಿ ಬಂದ ಮೂರನೆಯ ಆಟದಲ್ಲಿ ಒಂದು ಹೊಸ ಕ್ರಮವನ್ನು ತಂದರು: ಏಟು ತಗುಲುವ ಗಳಿಗೆಯಲ್ಲಿಯೇ ಹಿಡಿಗೋಲನ್ನು ಮುಂದಕ್ಕೆ ತಟ್ಟಿದವನಿಗೆ ಒಂದು ಚೂರೂ ನಷ್ಟವಿಲ್ಲ. ಬೆಂಕಿಯು ಬಾಲಕರ ಚೆಂಡಾಟವಾಯಿತು. ೨೦೦೪ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದ ಇವೋ ಪಂದ್ಯದಲ್ಲಿ ಜಪಾನಿನ ದೈಗೋ ಉಮೆಹಾರಾ ಅವರ ಆಯುಸ್ಸಿನ ಪಟ್ಟಿಯು ಎಷ್ಟು ಸವೆದಿದ್ದಿತೆಂದರೆ, ತಡೆದರೂ ಉದುರುವ ಚೂರಿನಿಂದಲೇ ಸೋಲಬೇಕಾಗಿದ್ದಿತು. ಎದುರಾಳಿ ಜಸ್ಟಿನ್ ವಾಂಗ್ ಅವರ ಚುನ್-ಲೀ ಸುರಿಸಿದ ಒದೆತಗಳ ಸಾಲನ್ನೆಲ್ಲ ಉಮೆಹಾರಾ ಅವರು ಹೀಗೆ ಒಂದೊಂದಾಗಿ ಮುಂದಕ್ಕೆ ತಟ್ಟಿ ಕಳೆದು, ಆ ಸುತ್ತನ್ನು ಗೆದ್ದರು. ಅಲ್ಲಿದ್ದುದು ಬೆಂಕಿಯಲ್ಲ, ಒದೆತ. ಆದರೂ ಇಂಥ ಕೈಗಳ ಮುಂದೆ ಬೆಂಕಿಯೆಸೆದು ಏನು ಪ್ರಯೋಜನವೆಂಬುದು ಊಹಿಸತಕ್ಕದ್ದೇ. ೨೦೦೮ರ ನಾಲ್ಕನೆಯ ಆಟದಲ್ಲಿ ಆ ಕ್ರಮವನ್ನು ತೆಗೆದರು; ಅಸ್ತ್ರಕ್ಕೆ ಮತ್ತೆ ಜೀವ ಬಂದಿತು. ಅದೇ ಉಮೆಹಾರಾ ಅವರು ೨೦೦೯, ೨೦೧೦ ಎರಡು ವರ್ಷಗಳಲ್ಲಿಯೂ ಇವೋ ಪಂದ್ಯವನ್ನು ರ್ಯೂನನ್ನಾಡಿಸಿ ಗೆದ್ದರು. ತಮ್ಮನ ಮಗನು ಆ ಪಂದ್ಯಗಳನ್ನು ನಮಗೆ ಫೋನಿನಲ್ಲಿ ತೋರಿಸಿದನು. ಅವರು ಎಸೆದ ಬೆಂಕಿಗಳಿಗೆ ಗುರುತು ಹಾಕಹೋಗಿ, ನಾವು ಎರಡು ಪುಟ ತುಂಬಿಸಿದರೂ ಒಂದು ಗಣವನ್ನೂ ಹಿಡಿಯಲಾಗಲಿಲ್ಲ. ಶುದ್ಧ ಗದ್ಯ.

ಇದು ಹುಡುಗರ ಆಟವೆನ್ನುವವರಿಗೆ ಒಂದು ಮಾತು. ೨೦೨೩ರಲ್ಲಿ ಚೀನದ ಹಾಂಗ್‌ಜೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಈ ಆಟದ ಐದನೆಯ ಆವೃತ್ತಿಗೂ ಪದಕವಿದ್ದಿತು. ಚಿನ್ನವನ್ನು ಗೆದ್ದ ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ ಅವರಿಗೆ ಆಗ ೪೪ ವರ್ಷ.

ಮೊಮ್ಮಗನಿಗೆ ನಾವು ಕಾಗದವನ್ನು ತೋರಿಸಿ, "ಮೂರನೆಯ ಕಡೆ ಯತಿಯಿಡು, ಮಗು, ಎಸೆಯಬೇಡ" ಎಂದೆವು. ಎಸೆಯದಿರುವುದು ಹುಡುಗನಿಗೆ ಎಸೆಯುವುದಕ್ಕಿಂತ ಕಷ್ಟವಾಯಿತು. ಕೈ ತಾನಾಗಿ ಹೊರಳುವುದು. ಅಂತೂ ಮೂರು ಸಲ ತಪ್ಪಿ, ನಾಲ್ಕನೆಯ ಸಲ ಸುಮ್ಮನೆ ಕುಕ್ಕುರುಗಾಲಿನಲ್ಲಿ ಕುಳಿತನು. ಚಿಕ್ಕಪ್ಪನು ಹಾರಿದನು. ಆಕಾಶದಲ್ಲಿ ಅವನಿಗೆ ತನ್ನ ತಪ್ಪು ತಿಳಿದುದು ಅವನ ಮುಖದಲ್ಲಿಯೇ ಕಂಡಿತು. ಆದರೆ ಮೊಮ್ಮಗನ ಕೈ ಸಂತೋಷದಿಂದ ನಡುಗಿ, ನಾಗಮುಷ್ಟಿಗೆ ಬದಲಾಗಿ ತರಂಗಮುಷ್ಟಿಯೇ ಹೊರಟು, ಹಾರಿ ಬಂದವನ ಕಾಲ ಕೆಳಗಿನಿಂದ ಹರಿದುಹೋಯಿತು! ಮುಂದು ಎಂಬ ಮೊದಲ ಗುರುತು ತಪ್ಪಿದರೆ ಹೀಗಾಗುವುದಂತೆ. ನಡೆಯುತ್ತ ನಡೆಯುತ್ತ ಬೆಂಕಿಯನ್ನೆಸೆಯ ಹೋದವರಿಗೆ ಬೇಡವಾದ ನಾಗಮುಷ್ಟಿ ಬರುವುದೂ ಇದೇ ಕಾರಣದಿಂದ. ಎರಡು ಮಂತ್ರಗಳಿಗೂ ಅಕ್ಷರಗಳು ಒಂದೇ.

ಮೂರು ದಿನಗಳ ಮೇಲೆ ಸರಿಯಾಗಿ ಬಂದಿತು. ಚಿಕ್ಕಪ್ಪನು ನೆಲಕ್ಕೆ ಬಿದ್ದ ತನ್ನ ಜಟ್ಟಿಯನ್ನು ನೋಡುತ್ತ, "ದೊಡ್ಡಪ್ಪ, ಇದು ನಿಮ್ಮ ಕೆಲಸ" ಎಂದನು. ಅಂದಿನಿಂದ ಅವನೂ ಮೂರನೆಯ ಗಳಿಗೆಗೆ ಹಾರುವುದನ್ನು ಬಿಟ್ಟು, ಹುಡುಗನು ಸುಮ್ಮನಿರುವಾಗ ಮೆಲ್ಲ ಮೆಲ್ಲನೆ ನಡೆದು ಮುಂದಕ್ಕೆ ಬರತೊಡಗಿದನು. ರಜೆ ಮುಗಿಯುವವರೆಗೂ ಸೋಲು ಮೊಮ್ಮಗನದೇ ಹೆಚ್ಚು. ಅಳು ಮಾತ್ರ ನಿಂತಿತು.

ಯಂತ್ರವನ್ನು ತಮ್ಮನ ಮಗನು ನಮ್ಮಲ್ಲಿಯೇ ಬಿಟ್ಟುಹೋಗಿದ್ದಾನೆ. ಸಂಜೆ ಮೊಮ್ಮಗನು ಪಾಠಕ್ಕೆ ಹೋದಾಗ ನಾವೂ ಒಂದಷ್ಟು ಹೊತ್ತು ಕುಳಿತು ನೋಡುವುದುಂಟು. ಎಡಗಡೆ ನಿಂತರೆ ಹತ್ತಕ್ಕೆ ಆರೇಳು ಸಲ ಬೆಂಕಿ ಬರುತ್ತಿದೆ. ಬಲಗಡೆ ನಿಂತು ಎಡಕ್ಕೆ ಎಸೆಯುವುದು ಇನ್ನೂ ಬಂದಿಲ್ಲ.